ಫ್ರೀಸ್ ಪರಂಪರೆಯಲ್ಲಿ ಉಳಿಯಬೇಕಾದದ್ದು

ಅಣಬೆ ಸಿಕ್ಕರೆ ಮೊದಲು ಅದನ್ನು ಮಗುಚಿ ಟೋಪಿಯ ಅಡಿಭಾಗ ನೋಡಬೇಕೆಂದು ಶಿಲೀಂಧ್ರಶಾಸ್ತ್ರದ ವಿದ್ಯಾರ್ಥಿಗೆ ಇವತ್ತಿಗೂ ಹೇಳಿಕೊಡುತ್ತಾರೆ. ಅಲ್ಲಿ ತೆಳು ಹಾಳೆಗಳಂಥ ಕಿವಿರುಗಳಿವೆಯೋ, ಸಣ್ಣ ರಂಧ್ರಗಳಿವೆಯೋ, ಇಳಿಬಿದ್ದ ಮುಳ್ಳುಗಳಿವೆಯೋ? ಈ ಪ್ರಶ್ನೆಯ ಮೇಲೆ ಇಡೀ ವರ್ಗೀಕರಣವನ್ನು ಕಟ್ಟಿ ನಿಲ್ಲಿಸಿದವರು ಸ್ವೀಡನ್ನಿನ ಎಲಿಯಾಸ್ ಮ್ಯಾಗ್ನಸ್ ಫ್ರೀಸ್ (1794–1878). 1821ರಿಂದ 1832ರವರೆಗೆ ಹೊರಬಂದ ‘ಸಿಸ್ಟೆಮಾ ಮೈಕಾಲಾಜಿಕಂ’ ಗ್ರಂಥದಲ್ಲಿ ಅವರು ಕಿವಿರುಳ್ಳ ಅಣಬೆಗಳಲ್ಲಿ ಬಹುಪಾಲನ್ನು ಅಗಾರಿಕಸ್ ಎಂಬ ಒಂದೇ ಕುಲಕ್ಕೆ ಸೇರಿಸಿ, ಬೀಜಕಣಗಳ ಬಣ್ಣ ನೋಡಿ ಒಳಗುಂಪುಗಳನ್ನು ಮಾಡಿದರು. ಈ ಪರಂಪರೆಯ ಬಹುಭಾಗ ಈಗ ಕುಸಿದಿದೆ. ಆದರೆ ಕುಸಿದದ್ದು ಯಾವುದು, ಉಳಿದದ್ದು ಯಾವುದು ಎಂಬುದನ್ನು ವಿಂಗಡಿಸದೆ ಅದನ್ನು ಹಳತೆಂದು ಮೂಲೆಗೆ ತಳ್ಳುವುದು ಅನ್ಯಾಯ.

ಫ್ರೀಸ್ ವಿಧಾನದ ದೊಡ್ಡ ಗುಣವೆಂದರೆ ಅದನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಟೋಪಿಯನ್ನು ಕತ್ತರಿಸಿ ರಾತ್ರಿಯಿಡೀ ಕಾಗದದ ಮೇಲೆ ಕವುಚಿಟ್ಟರೆ ಬೆಳಗಾಗುವಷ್ಟರಲ್ಲಿ ಬೀಜಕಣಗಳು ಉದುರಿ ತಮ್ಮ ಬಣ್ಣ ತೋರಿಸುತ್ತವೆ. ಹುಲ್ಲುಹಾಸಿನ ಮೇಲೆ ಏಳುವ ದೊಡ್ಡ ಬಿಳಿ ಅಣಬೆ ಕ್ಲೋರೊಫಿಲ್ಲಮ್ ಮಾಲಿಬ್ಡೈಟಿಸ್ ತಿಂದವರಿಗೆ ವಿಪರೀತ ವಾಂತಿಭೇದಿಯಾಗುತ್ತದೆ. ತಿನ್ನಬಹುದಾದ ಜಾತಿಗಳನ್ನೇ ಹೋಲುವ ಇದನ್ನು ಬಯಲಿಗೆಳೆಯುವುದು ಕಾಗದದ ಮೇಲಿನ ಹಸಿರು ಪುಡಿ. ಆದರೆ 2002ರಲ್ಲಿ ಡಿಎನ್‌ಎ ಪುರಾವೆಯ ಬಲದಿಂದ ಇದೇ ಕುಲಕ್ಕೆ ಬಿಳಿ ಬೀಜಕಣಗಳ ಜಾತಿಗಳೂ ಸೇರಿದವು. ಎಂದರೆ ಹಸಿರು ಬಣ್ಣ ಆ ಒಂದು ಜಾತಿಯನ್ನು ಗುರುತಿಸಲು ಸಾಕು, ಕುಲದ ಗಡಿ ಹಾಕಲು ಸಾಲದು. ನನ್ನ ಪ್ರಕಾರ ಫ್ರೀಸ್ ಪಂಥದ ಬಲ, ದೌರ್ಬಲ್ಯ ಎರಡೂ ಇಲ್ಲೇ ಇವೆ. ಗುರುತು ಹಚ್ಚಲು ಒದಗುವ ಲಕ್ಷಣವನ್ನೇ ಆ ಪಂಥ ವಂಶದ ಲಕ್ಷಣವೆಂದೂ ನಂಬಿತು.

ಫ್ರೀಸ್ ಸೂಕ್ಷ್ಮದರ್ಶಕವನ್ನು ಅಷ್ಟಾಗಿ ನೆಚ್ಚಿಕೊಳ್ಳಲಿಲ್ಲ. ಆ ಕೊರತೆಯನ್ನು ತುಂಬಿದವರು ಫ್ರಾನ್ಸಿನ ಪಾತುಯಾರ್, ಆಮೇಲೆ ರೋಲ್ಫ್ ಸಿಂಗರ್ ಮೊದಲಾದವರು. ಡಿಎನ್‌ಎ ಯುಗ ಬರುವ ಮೊದಲೇ ಇವರ ದಾರಿ ಎಷ್ಟು ದೂರ ತಲುಪಿತ್ತು ಎನ್ನುವುದಕ್ಕೆ ಶಿಟಾಕೆ ಅಣಬೆ ಒಳ್ಳೆಯ ನಿದರ್ಶನ. ಸಿಂಗರ್ ಅದನ್ನು ಲೆಂಟಿನಸ್ ಕುಲದಲ್ಲಿಟ್ಟಿದ್ದರು. 1970ರ ದಶಕದಲ್ಲಿ ಶಿಲೀಂಧ್ರಶಾಸ್ತ್ರಜ್ಞ ಪೆಗ್ಲರ್ ಅದನ್ನು ಅಲ್ಲಿಂದ ತೆಗೆದು ಲೆಂಟಿನುಲ ಕುಲಕ್ಕೆ ಸೇರಿಸಿದರು. ಸೂಕ್ಷ್ಮದರ್ಶಕದಲ್ಲಿ ಕಂಡಂತೆ ಅದರ ಎಳೆಗಳ ರಚನೆ ಲೆಂಟಿನಸ್‌ನ ಗಡುಸು ಎಳೆಗಳಿಗಿಂತ ಬೇರೆಯಾಗಿತ್ತು. ಆ ಬದಲಾವಣೆ ಪ್ರಕಟವಾದದ್ದು ಭಾರತೀಯ ಶಿಲೀಂಧ್ರಶಾಸ್ತ್ರ ಸಂಘದ ‘ಕವಕ’ ಪತ್ರಿಕೆಯಲ್ಲಿ. ಮುಂದೆ ಡಿಎನ್‌ಎ ಅದನ್ನು ಎತ್ತಿಹಿಡಿಯಿತು. ದೇಹಲಕ್ಷಣಗಳೆಲ್ಲ ಮೋಸ ಮಾಡುತ್ತವೆ ಎನ್ನುವವರು ಈ ಪ್ರಸಂಗವನ್ನು ಓದಬೇಕು.

ಕಣ್ಣಿಗೆ ಕಾಣುವ ಆಕಾರ ಮಾತ್ರ ಮೋಸ ಮಾಡಿದ್ದು ನಿಜ. ಬೀಜಕಣಗಳನ್ನು ಒಡಲೊಳಗೇ ಮುಚ್ಚಿಟ್ಟುಕೊಳ್ಳುವ ಉಂಡೆ ಅಣಬೆಗಳನ್ನು ಹಳಬರು ಪ್ರತ್ಯೇಕ ವರ್ಗವೆಂದೇ ಎಣಿಸಿದ್ದರು. 1989ರಲ್ಲಿ ಅಮೆರಿಕದ ಟಾಮ್ ಬ್ರನ್ಸ್ ಮತ್ತು ಸಂಗಡಿಗರು ಡಿಎನ್‌ಎ ಹೋಲಿಸಿ, ನೆಲದಡಿಯ ರೈಜೊಪೋಗನ್ ಗಡ್ಡೆಗೆ ಟೋಪಿ-ಕಾಂಡವುಳ್ಳ ಸುಯಿಲ್ಲಸ್ ಹತ್ತಿರದ ನೆಂಟನೆಂದು ತೋರಿಸಿದರು. 1997ರಲ್ಲಿ ಡೇವಿಡ್ ಹಿಬೆಟ್ ತಂಡದ ವಿಶ್ಲೇಷಣೆ ಇನ್ನೂ ಮುಂದೆ ಹೋಯಿತು: ಕಿವಿರು ವಿಕಾಸದಲ್ಲಿ ಕನಿಷ್ಠ ಆರು ಸಲ, ಉಂಡೆ ರೂಪ ಕನಿಷ್ಠ ನಾಲ್ಕು ಸಲ ಬೇರೆಬೇರೆಯಾಗಿ ಹುಟ್ಟಿವೆ. ಕಿವಿರುಳ್ಳವೆಲ್ಲ ಒಂದೇ ವಂಶ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು.

ಕಾಪ್ರಿನಸ್ ಕುಲದ ಕಥೆ ಎಲ್ಲಕ್ಕಿಂತ ಬೋಧಪ್ರದ. ಬಲಿತಾಗ ಕಿವಿರು ಕರಗಿ ಕಪ್ಪು ಶಾಯಿಯಾಗಿ ತೊಟ್ಟಿಕ್ಕುವ ಅಣಬೆಗಳೆಲ್ಲ ಅದರಲ್ಲಿದ್ದವು. ಇಷ್ಟು ವಿಶಿಷ್ಟವಾದ ಗುಣ ಎರಡು ಸಲ ಹುಟ್ಟೀತೆಂದು ಯಾರು ತಾನೆ ಶಂಕಿಸಿಯಾರು? 2001ರಲ್ಲಿ ಡಿಎನ್‌ಎ ಪುರಾವೆಯಿಂದ ಕುಲ ಒಡೆಯಿತು. ಕುಲದ ಮಾದರಿಯಾದ ಕಾಪ್ರಿನಸ್ ಕೊಮೇಟಸ್ ನಾವು ತಿನ್ನುವ ಬಟನ್ ಅಣಬೆಯ ಕುಟುಂಬದ್ದೆಂದು ತೀರ್ಮಾನವಾಯಿತು. ಕುಲದ ಹೆಸರು ಅದರೊಂದಿಗೇ ಉಳಿದು, ಹೆಚ್ಚಿನ ಜಾತಿಗಳು ಹೊಸ ಹೆಸರು ಹೊತ್ತು ಬೇರೊಂದು ಕುಟುಂಬಕ್ಕೆ ಹೋದವು. ಗಮನಿಸಬೇಕಾದದ್ದು, ಕೊಮೇಟಸ್‌ನ ಕಾಂಡದ ಉಂಗುರವಾಗಲಿ, ಪೊಳ್ಳು ಕಾಂಡದೊಳಗೆ ಇಳಿಬಿದ್ದ ನೂಲಿನಂಥ ಎಳೆಯಾಗಲಿ ಹಿಂದಿನವರಿಗೆ ಕಾಣದ್ದಲ್ಲ. ಸಾಕ್ಷ್ಯ ದೇಹದ ಮೇಲೆಯೇ ಇತ್ತು. ಶಾಯಿಗೆ ಹೆಚ್ಚು ತೂಕ, ಉಂಗುರಕ್ಕೆ ಕಡಿಮೆ ತೂಕ ಕೊಟ್ಟದ್ದೇ ತಪ್ಪಾಯಿತು.

ಹಾಗೆಂದು ಡಿಎನ್‌ಎಯನ್ನು ನೆಚ್ಚಿದ ಹೊಸ ಪಂಥಕ್ಕೆ ಎಲ್ಲವನ್ನೂ ಒಪ್ಪಿಸಿಬಿಡಲು ನಾನು ಸಿದ್ಧನಿಲ್ಲ. ಶಿಲೀಂಧ್ರಗಳ ಗುರುತಿಗೆ 2012ರಿಂದ ಅಧಿಕೃತ ಬಾರ್‌ಕೋಡ್ ಎನಿಸಿರುವ ಐಟಿಎಸ್ ಎಂಬ ಡಿಎನ್‌ಎ ತುಣುಕು ಒಂದೇ ಜೀವಕೋಶದಲ್ಲಿ ಹಲವು ಪ್ರತಿಗಳಾಗಿರುತ್ತದೆ, ಆ ಪ್ರತಿಗಳು ಕೆಲವೊಮ್ಮೆ ಒಂದಕ್ಕೊಂದು ಹೊಂದುವುದಿಲ್ಲ. ಶೇ. 97 ಹೊಂದಿದರೆ ಒಂದೇ ಜಾತಿ ಎಂಬುದು ಅನುಕೂಲಕ್ಕೆ ಎಳೆದ ಗೆರೆ. 2003ರ ಒಂದು ಅಧ್ಯಯನದ ಪ್ರಕಾರ ಸಾರ್ವಜನಿಕ ಭಂಡಾರದಲ್ಲಿದ್ದ ಶಿಲೀಂಧ್ರ ಡಿಎನ್‌ಎ ದಾಖಲೆಗಳಲ್ಲಿ ಶೇ. 20ರಷ್ಟಕ್ಕೆ ತಪ್ಪು ಹೆಸರಿದ್ದಿರಬಹುದು. ಅಣಬೆಯನ್ನೇ ತಪ್ಪಾಗಿ ಗುರುತಿಸಿದ್ದರೆ ಯಂತ್ರ ಎಷ್ಟು ಕರಾರುವಾಕ್ಕಾಗಿ ಓದಿದರೇನು? 2014ರಲ್ಲಿ ಲಂಡನ್ನಿನ ಅಂಗಡಿಯಿಂದ ತಂದ ಒಣ ಪೊರ್ಚಿನಿ ಅಣಬೆಯ ಒಂದು ಪೊಟ್ಟಣದಲ್ಲಿ, ಅಲ್ಲಿಯವರೆಗೆ ಹೆಸರೇ ಇಲ್ಲದ ಮೂರು ಜಾತಿಗಳನ್ನು ಡಿಎನ್‌ಎ ಮೂಲಕ ಕಂಡುಹಿಡಿದು ನಾಮಕರಣ ಮಾಡಿದರು. ಅಪೂರ್ವ ಸಾಧನೆಯೇ ಸರಿ. ಆದರೆ ಚೂರುಗಳಿಂದ ಹೊರಟ ಆ ಕೆಲಸ, ಕಾಡಿನಲ್ಲಿ ಆ ಅಣಬೆ ಹೇಗೆ ನಿಂತಿರುತ್ತದೆಂದು ಹೇಳಲಾರದು. ದೇಹವಿಲ್ಲದೆ ಬರೀ ಡಿಎನ್‌ಎ ಸರಣಿಯನ್ನೇ ಜಾತಿಯ ಮಾದರಿಯೆಂದು ಒಪ್ಪಬೇಕೆಂಬ ಪ್ರಸ್ತಾವವನ್ನು 2018ರ ಅಂತರರಾಷ್ಟ್ರೀಯ ಶಿಲೀಂಧ್ರಶಾಸ್ತ್ರ ಸಮ್ಮೇಳನ ತಿರಸ್ಕರಿಸಿದ್ದು ಸರಿಯಾಗಿಯೇ ಇತ್ತು.

ನಮ್ಮ ಕರಾವಳಿಯವರು ಮೊದಲ ಮಳೆಗೆ ಕೆದಕಿ ತೆಗೆದು ಎಳೆಯದಾಗಿರುವಾಗಲೇ ಅಡುಗೆ ಮಾಡುವ ಕಲ್ಲಣಬೆಗೂ ಈ ಚರ್ಚೆಗೂ ನೇರ ಸಂಬಂಧವಿದೆ. ಬಲಿತಾಗ ನಕ್ಷತ್ರದಂತೆ ಬಿರಿಯುವ ಆಸ್ಟ್ರೇಯಸ್ ಇದು. ರೂಪ ನೋಡಿ ಶಿಲೀಂಧ್ರಶಾಸ್ತ್ರಜ್ಞ ಪೆರ್ಸೂನ್ 1801ರಲ್ಲಿ ಇಂಥದೊಂದನ್ನು ಭೂನಕ್ಷತ್ರಗಳ ಕುಲಕ್ಕೆ ಸೇರಿಸಿದ್ದರು. ಡಿಎನ್‌ಎ ಅದನ್ನು ರಂಧ್ರದ ಅಣಬೆಗಳಾದ ಬೊಲೀಟಸ್‌ಗಳ ಗಣಕ್ಕೆ ಸೇರಿಸಿತು. ಯುರೋಪಿನಲ್ಲಿ ಇಟ್ಟ ಒಂದೇ ಹೆಸರಿನಡಿ ಹಲವು ಜಾತಿಗಳು ಅಡಗಿದ್ದವೆಂಬುದೂ ಆಮೇಲೆ ಥಾಯ್ಲೆಂಡಿನ ಮಾದರಿಗಳಿಂದ ಗೊತ್ತಾಯಿತು. ಮರದ ಬೇರಿನೊಂದಿಗೆ ಕೂಡಿ ಬಾಳುವ ಇದನ್ನು ಚಿಪ್ಪಣಬೆಯ ಹಾಗೆ ಹುಲ್ಲಿನ ಚೀಲದಲ್ಲಿ ಬೆಳೆಯಲಾಗದು. ಆ ಮರಗಳಿದ್ದರೆ ಮಾತ್ರ ಕಲ್ಲಣಬೆ.

ಪಶ್ಚಿಮಘಟ್ಟದ ಅಣಬೆಗಳ ಮೇಲೆ ಕೆಲಸ ಮಾಡುವ ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಒಂದು ಚೂರನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿ ಉಳಿದ ಅಣಬೆಯನ್ನು ಎಸೆಯಬೇಡಿ. ತಾಜಾ ಇರುವಾಗಲೇ ಚಿತ್ರ ತೆಗೆಯಿರಿ. ಬೀಜಕಣದ ಬಣ್ಣ, ವಾಸನೆ, ಪಕ್ಕದ ಮರ, ಊರವರು ಕರೆಯುವ ಹೆಸರು ಎಲ್ಲವನ್ನೂ ಬರೆದಿಡಿ. ಒಣಗಿಸಿದ ಅಣಬೆಯನ್ನು ಹರ್ಬೇರಿಯಂಗೆ ಒಪ್ಪಿಸಿ, ಅಲ್ಲಿ ಕೊಡುವ ಸಂಖ್ಯೆಯನ್ನು ಡಿಎನ್‌ಎ ದಾಖಲೆಯಲ್ಲಿ ತಪ್ಪದೆ ನಮೂದಿಸಿ.