ಬರೆಯುವವನಿಗೆ ಅಳಿಸುವ ಹಕ್ಕೂ ಇದೆಯಾ?

ಸೋಸಲೆಯಲ್ಲಿ ನಾವು ಐದು ಜನ ಸೇರಿ ಹಳೇ ಕನ್ನಡ ಪುಸ್ತಕಗಳನ್ನು ಟೈಪ್ ಮಾಡ್ತೀವಿ. ಅಯ್ಯಾ ಶಾಸ್ತ್ರಿಗಳ ಊರಿನವರಾಗಿ ಇಷ್ಟಾದರೂ ಮಾಡದಿದ್ರೆ ಹೇಗೆ ಅಂತ ಶುರುವಾದದ್ದು. ಇರೋದು ಒಂದೇ ಕಂಪ್ಯೂಟರ್, ಅದರಲ್ಲಿ ಲಿನಕ್ಸ್. ಒಬ್ಬೊಬ್ಬರಿಗೂ ಬೇರೆ ಲಾಗಿನ್, ಎಲ್ಲರಿಗೂ ಸೇರಿದ ಒಂದು ಫೋಲ್ಡರ್. ಒಂದು ಸಂಜೆ ನೋಡಿದರೆ, ನಾನು ಎರಡು ಸಲ ತಿದ್ದಿ ಮುಗಿಸಿದ್ದ ನಲವತ್ತು ಪುಟ ಅಲ್ಲಿಲ್ಲ. ಗೆಳೆಯ ಜಾಗ ಖಾಲಿ ಮಾಡಲು ಹೋಗಿ ಅಳಿಸಿಬಿಟ್ಟಿದ್ದ.

"ಓದೋಕೆ ಮಾತ್ರ ಅಂತ ಬೀಗ ಹಾಕಿದ್ನಲ್ಲೋ" ಅಂದೆ.

"ಕಂಪ್ಯೂಟರ್ ಏನೂ ತಡೀಲಿಲ್ಲ ಕಣಣ್ಣ" ಅಂದ.

ಅವನು ಹೇಳಿದ್ದು ನಿಜ. ನನ್ನ ತಕರಾರು ಅವನ ಮೇಲಲ್ಲ, ಆ ಬೀಗದ ಮೇಲೆ.

ಲಿನಕ್ಸಿನ ಅನುಮತಿ ಪದ್ಧತಿ ಬಂದದ್ದು 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಶುರುವಾದ ಯೂನಿಕ್ಸ್‌ನಿಂದ. ಮಾಲೀಕ, ಗುಂಪು, ಇತರರು ಅಂತ ಮೂರು ವರ್ಗ. ಓದು, ಬರೆ, ನಡೆಸು ಅಂತ ಮೂರು ಹಕ್ಕು. ಒಟ್ಟು ಒಂಬತ್ತು ಗುರುತು. ಅದಕ್ಕೂ ಮುಂಚಿನ ಮಲ್ಟಿಕ್ಸ್‌ನಲ್ಲಿ ಪ್ರತಿ ಕಡತಕ್ಕೂ ಯಾರ್‍ಯಾರಿಗೆ ಏನು ಹಕ್ಕು ಅನ್ನೋ ಪಟ್ಟಿಯೇ ಇತ್ತು. ಯೂನಿಕ್ಸ್ ಅದನ್ನು ಬಿಟ್ಟು ಸರಳವಾಯಿತು. ಆ ಸರಳತೆಯನ್ನು ನಾನೂ ಮೆಚ್ಚುತ್ತೇನೆ. ಎಡವಟ್ಟಾಗೋದು "ಬರೆ" ಅನ್ನೋ ಒಂದು ಮಾತಿನಲ್ಲಿ.

ಕಡತದ ಮೇಲೆ "ಬರೆ" ಅಂದರೆ ಒಳಗಿನ ಮಾತನ್ನು ತಿದ್ದಬಹುದು. ಫೋಲ್ಡರ್ ಅನ್ನೋದು ಹೆಸರುಗಳ ಪಟ್ಟಿ. ಅದರ ಮೇಲೆ "ಬರೆ" ಅಂದರೆ ಪಟ್ಟಿಗೆ ಹೆಸರು ಸೇರಿಸಬಹುದು, ಇರುವ ಹೆಸರು ಹೊಡೆದುಹಾಕಲೂಬಹುದು. ಅಳಿಸುವಾಗ ಲಿನಕ್ಸ್ ಕೇಳೋದು ಪಟ್ಟಿಯನ್ನು, ಕಡತವನ್ನಲ್ಲ. ನಾನು ಪೆಟ್ಟಿಗೆಗೆ ಬೀಗ ಹಾಕಿದ್ದೆ. ಪೆಟ್ಟಿಗೆ ಹೊತ್ತುಕೊಂಡು ಹೋಗೋಕೆ ಎಲ್ಲರಿಗೂ ಅನುಮತಿ ಇತ್ತು.

ಫೈಲಿಗೆ ನಾವು ಬಳಸುವ "ಕಡತ" ಅನ್ನೋ ಪದವೇ ಇದನ್ನು ಹೇಳುತ್ತೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು, ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಕಪ್ಪು ಪುಸ್ತಕ ಅದು. ಒರೆಸಿ ಮತ್ತೆ ಬರೆಯಬಹುದಿತ್ತು. ಬಳಪ ಯಾರ ಕೈಲೋ ಒರೆಸೋದೂ ಅವರ ಕೈಲೇ. ಆದರೆ ಅದು ಒಬ್ಬರ ಕೈಯಲ್ಲಿ ಇರುತ್ತಿದ್ದ ಪುಸ್ತಕ. ಐದು ಜನಕ್ಕೆ ಒಂದೇ ಬಳಪ ಕೊಟ್ಟಾಗ ಬರೆಯೋದು ಬೇರೆ, ಅಳಿಸೋದು ಬೇರೆ ಅಂತ ಹೇಳಲೇಬೇಕು. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದ ಎನ್‌ಟಿಎಫ್‌ಎಸ್‌ನಲ್ಲಿ "ಅಳಿಸು" ಪ್ರತ್ಯೇಕ ಹಕ್ಕು. ಈ ಒಂದು ವಿಷಯದಲ್ಲಿ ಅವರೇ ಸರಿ.

ಇನ್ನೊಂದು ದೂರು ಸಲಹೆ ಕೊಡುವವರ ಮೇಲೆ. ಫೋಲ್ಡರ್ ತೆರೀತಿಲ್ಲ ಅಂದ್ರೆ ಸಾಕು, "777 ಕೊಡಿ ಸಾರ್" ಅಂತಾರೆ. ನಮ್ಮಲ್ಲೂ ಹಾಗೇ ಕೊಟ್ಟಿದ್ದರು. ಅಂದ್ರೆ ಮಾಲೀಕ, ಗುಂಪು, ದಾರೀಲಿ ಹೋಗೋರು, ಎಲ್ಲರಿಗೂ ಎಲ್ಲಾ ಹಕ್ಕು. ಬೀಗ ಗಟ್ಟಿ ಅಂತ ಬಾಗಿಲನ್ನೇ ಕಿತ್ತು ಇಟ್ಟ ಹಾಗೆ.

ಸರಿಯಾದ ದಾರಿ ಇದೆ, ಉದ್ದವೂ ಅಲ್ಲ. ಐವರನ್ನೂ ಒಂದು ಗುಂಪಿಗೆ ಸೇರಿಸಬೇಕು. ಫೋಲ್ಡರಿಗೆ ಸೆಟ್‌ಜಿಐಡಿ ಹಾಕಿದರೆ ಒಳಗೆ ಹುಟ್ಟುವ ಹೊಸ ಕಡತವೂ ಅದೇ ಗುಂಪಿಗೆ ಸೇರುತ್ತೆ. ಯುಮಾಸ್ಕ್ 022 ಇದ್ದರೆ ಗುಂಪಿನವರು ಅದನ್ನು ಓದಬಹುದು, ತಿದ್ದಲಾಗದು, 002 ಮಾಡಬೇಕು. ಇನ್ನು ಸ್ಟಿಕಿ ಬಿಟ್ ಹಾಕಿದರೆ ಕಡತದ ಮಾಲೀಕ, ಫೋಲ್ಡರಿನ ಮಾಲೀಕ, ರೂಟ್ ಬಿಟ್ಟು ಬೇರೆಯವರು ಅಳಿಸುವಂತಿಲ್ಲ. ಎಲ್ಲರೂ ಬರೆಯುವ ಟೆಂಪ್ ಫೋಲ್ಡರ್ ನಡೆಯೋದೂ ಹೀಗೇ. ಆದರೆ ಕೆಲವು ಎಡಿಟರ್‌ಗಳು ಹೊಸ ಕಡತ ಬರೆದು ಹಳೆಯದರ ಜಾಗಕ್ಕೆ ಕೂರಿಸುತ್ತವೆ. ಇನ್ನೊಬ್ಬರ ಕಡತದ ಮೇಲೆ ಹಾಗೆ ಮಾಡಲು ಹೋದರೆ ಸ್ಟಿಕಿ ತಡೆಯುತ್ತೆ. ಅದಕ್ಕೇ ಈಗ ನಮ್ಮಲ್ಲಿ ಎರಡು ಫೋಲ್ಡರ್: 'ಕರಡು' 2770, 'ಮುಗಿದದ್ದು' 3770.

ಇಷ್ಟು ಗುಟ್ಟಿನ ಅಂಕಿ ಕಲಿತ ಮೇಲೇ ಒಬ್ಬರ ಕೆಲಸ ಇನ್ನೊಬ್ಬರ ಕೈತಪ್ಪಿನಿಂದ ಉಳಿಯಬೇಕು ಅನ್ನೋದಾದರೆ, ಅದು ಬಳಸುವವರ ದಡ್ಡತನವಲ್ಲ, ಪದ್ಧತಿಯ ಕೊರತೆ. ಒಂದು ಕಂಪ್ಯೂಟರನ್ನು ಹಲವರು ಹಂಚಿಕೊಳ್ಳಲಿ ಅಂತಲೇ ಹುಟ್ಟಿದ ಪದ್ಧತಿ, ಹಂಚಿಕೊಂಡ ಫೋಲ್ಡರಿನ ಹತ್ತಿರ ಬಂದಾಗಲೇ ಎಡವುತ್ತೆ.

ನಲವತ್ತು ಪುಟ ಮತ್ತೆ ಟೈಪ್ ಮಾಡಿದೆವು. ಇಪ್ಪತ್ತು ನಾನು, ಇಪ್ಪತ್ತು ಅವನು. ಅವನ ಇಪ್ಪತ್ತರಲ್ಲೇ ತಪ್ಪು ಕಡಿಮೆ.