ನಿಂತ ವಿಮಾನದ ಚಾಚಿದ ರೆಕ್ಕೆ: ಎರಡು ಉತ್ತರಗಳ ಪರಿಶೀಲನೆ

ನಿಲ್ದಾಣದಲ್ಲಿ ನಿಂತಿರುವ ಪ್ರಯಾಣಿಕ ವಿಮಾನವನ್ನು ಗಮನಿಸಿದ್ದೀರಾ? ಎಂಜಿನ್ ಆರಿಸಿ, ಪ್ರಯಾಣಿಕರೆಲ್ಲ ಇಳಿದಿದ್ದರೂ ಕೆಲವೊಮ್ಮೆ ರೆಕ್ಕೆಯ ಮುಂದಂಚಿನ ಪಟ್ಟಿಗಳು ಹೊರಚಾಚಿಕೊಂಡೇ ಇರುತ್ತವೆ. ಇವುಗಳಿಗೆ ಸ್ಲ್ಯಾಟ್ ಎಂದು ಹೆಸರು. ಹಿಂದಂಚಿನಲ್ಲಿ ಇರುವವು ಫ್ಲ್ಯಾಪ್‌ಗಳು. ಕಡಿಮೆ ವೇಗದಲ್ಲಿಯೂ ವಿಮಾನವನ್ನು ಎತ್ತಿ ಹಿಡಿಯುವಷ್ಟು ಬಲ ಒದಗಿಸುವುದು ಇವೆರಡರ ಕೆಲಸ. ಹಾಗಾದರೆ ನಿಂತ ವಿಮಾನದಲ್ಲಿ ಅವು ಹೊರಗಿರುವುದೇಕೆ?

ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಎರಡನ್ನೂ ಒರೆಗೆ ಹಚ್ಚೋಣ.

ಮೊದಲನೆಯದು: 'ಎಂಜಿನ್ ನಿಂತರೆ ಹೈಡ್ರಾಲಿಕ್ ಒತ್ತಡ ಇಳಿದು ಅವು ಜೋತುಬೀಳುತ್ತವೆ.' ಏರ್‌ಬಸ್ ಎ320 ವಿಮಾನದ ರೆಕ್ಕೆಯ ತುದಿಯಲ್ಲಿರುವ ಏಲೆರಾನ್‌ಗಳಿಗೆ ಈ ಮಾತು ಸರಿ. ಒತ್ತಡ ಇಳಿದಂತೆ ಅವು ತಮ್ಮ ಭಾರಕ್ಕೆ ನಿಧಾನವಾಗಿ ಬಾಗುತ್ತವೆ. ಆದರೆ ಸ್ಲ್ಯಾಟ್‌ಗಳನ್ನು ಸರಿಸುವುದು ಹೈಡ್ರಾಲಿಕ್ ಮೋಟಾರಿನಿಂದ ತಿರುಗುವ ದಂಡ ಮತ್ತು ಹಲ್ಲುಚಕ್ರಗಳು. ಒತ್ತಡ ಹೋದರೆ ಬ್ರೇಕ್ ಬಿಗಿದು ಅವು ಇದ್ದಲ್ಲೇ ನಿಲ್ಲುತ್ತವೆ. ಅಂದರೆ ಚಾಚಿದ ಸ್ಲ್ಯಾಟ್ ತಾನಾಗಿ ಬಿದ್ದದ್ದಲ್ಲ, ಹಾಗೆ ಬಿಟ್ಟದ್ದು.

ಎರಡನೆಯದು: 'ಮುಂದಿನ ಹಾರಾಟದಲ್ಲಿ ಚಾಚಲು ಮರೆಯದಿರಲೆಂದು.' ಇದು ತಪ್ಪಷ್ಟೇ ಅಲ್ಲ, ಅಪಾಯಕರ ನಂಬಿಕೆ ಕೂಡ. ಮೇಲೇರಲು ಅವು ಎಷ್ಟು ಚಾಚಿರಬೇಕೆಂಬುದು ವಿಮಾನದ ತೂಕ, ಓಡುದಾರಿಯ ಉದ್ದ, ಹವೆಯ ಉಷ್ಣತೆ ಇವನ್ನು ಅವಲಂಬಿಸಿದೆ. ಪ್ರತಿ ಹಾರಾಟಕ್ಕೂ ಅದನ್ನು ಹೊಸದಾಗಿ ನಿಗದಿಪಡಿಸಿ, ತಾಳೆ ನೋಡಲೇಬೇಕು. 2008ರ ಆಗಸ್ಟ್ 20ರಂದು ಮ್ಯಾಡ್ರಿಡ್‌ನಲ್ಲಿ ಸ್ಪ್ಯಾನ್‌ಏರ್‌ನ ಎಂಡಿ-82 ವಿಮಾನ ಫ್ಲ್ಯಾಪ್, ಸ್ಲ್ಯಾಟ್ ಚಾಚದೆಯೇ ಮೇಲೇರಲು ಹೊರಟಿತು. ಎಚ್ಚರಿಕೆಯ ಸದ್ದೂ ಮೊಳಗಲಿಲ್ಲ. 154 ಮಂದಿ ಸತ್ತರು. 'ಮೊದಲೇ ಚಾಚಿದೆಯಲ್ಲ' ಎಂಬ ಭರವಸೆ ತಪಾಸಣೆಗೆ ಬದಲಿಯಾಗಲಾರದು.

ನಿಜವಾದ ಕಾರಣ ಹವೆಯಲ್ಲಿದೆ. ಎಂಜಿನ್ನಿನಿಂದ ಬರುವ ಬಿಸಿಗಾಳಿಯ ಕೊಳವೆಗಳು ಎ320ರ ರೆಕ್ಕೆಯ ಮುಂದಂಚಿನೊಳಗೆ ಸಾಗುತ್ತವೆ. ಕೊಳವೆ ಸೋರಿದರೆ ತಿಳಿಸಲು ಪಕ್ಕದಲ್ಲೇ ಉಷ್ಣ ಸಂವೇದಕಗಳಿವೆ. ಬಿಸಿಲಲ್ಲಿ ನಿಂತ ವಿಮಾನದ ರೆಕ್ಕೆಯ ಮೇಲೆ ಗಾಳಿಯ ಓಟವಿಲ್ಲ. ಸ್ಲ್ಯಾಟ್ ಮುಚ್ಚಿದ್ದರೆ ಒಳಗಿನ ಶಾಖ ಹೊರಹೋಗದು. ಸೋರಿಕೆ ಇಲ್ಲದಿದ್ದರೂ 'ಸೋರುತ್ತಿದೆ' ಎಂಬ ಸುಳ್ಳು ಎಚ್ಚರಿಕೆ ಬರಬಹುದು. ಆದ್ದರಿಂದ ಹೊರಗಿನ ಉಷ್ಣತೆ 30° ಸೆ. ಮೀರಿದಾಗ, ಒಂದು ಹಾರಾಟ ಮುಗಿದು ಇನ್ನೊಂದು ತೊಡಗುವವರೆಗೆ ಸ್ಲ್ಯಾಟ್‌ಗಳನ್ನು ಮೊದಲ ಹಂತದಲ್ಲಿ ಚಾಚಿಯೇ ಇಡುವ ಪದ್ಧತಿಯಿದೆ. ಏಪ್ರಿಲ್‌ನ ಮಧ್ಯಾಹ್ನ ಬೆಂಗಳೂರಿನಲ್ಲೂ ಉಷ್ಣತೆ ಈ ಮಿತಿಯನ್ನು ದಾಟುತ್ತದೆ.

ಶೀತ ದೇಶಗಳಲ್ಲಿ ಕಾರಣ ಬೇರೆ. ಹಿಮದ ಕೆಸರಿರುವ ಓಡುದಾರಿಯಲ್ಲಿ ಇಳಿದಾಗ ಚಕ್ರಗಳಿಂದ ಚಿಮ್ಮಿದ ಕೆಸರು ಫ್ಲ್ಯಾಪ್‌ಗಳಿಗೆ ಮೆತ್ತಿ ಗಟ್ಟಿಯಾಗಬಹುದು. ಹಾಗೆಯೇ ಒಳಗೆಳೆದರೆ ಭಾಗಗಳಿಗೆ ಹಾನಿ. ನೆಲದ ಸಿಬ್ಬಂದಿ ಪರೀಕ್ಷಿಸುವ ತನಕ ಅವು ಹೊರಗೇ ಇರುತ್ತವೆ.

ನೋಟ ಒಂದೇ, ಕಾರಣ ಹಲವು. ವಿದ್ಯಾರ್ಥಿ ಈ ಪ್ರಶ್ನೆ ಕೇಳಿದಾಗ ಕೂಡಲೇ ಉತ್ತರ ಹೇಳಬೇಡಿ. ಯಾವ ಭಾಗ? ಯಾವ ಹವೆ? ಅದನ್ನು ಚಲಿಸುವ ಯಂತ್ರ ಯಾವುದು? ಈ ಮೂರನ್ನು ಮರುಪ್ರಶ್ನಿಸಿ. ಉತ್ತರ ಅವರಿಂದಲೇ ಬಂದೀತು.