ಸಾಲವಿತ್ತೇ ಎಂಬ ಪ್ರಶ್ನೆ

ಅನುಷಾ ರಿಝ್ವಿ ನಿರ್ದೇಶಿಸಿದ, 2010ರಲ್ಲಿ ತೆರೆಕಂಡ ‘ಪೀಪ್ಲಿ ಲೈವ್’ ಹಿಂದಿ ಚಿತ್ರವನ್ನು ಹಲವರು ಟಿ.ವಿ. ವಾಹಿನಿಗಳ ವಿಡಂಬನೆಯೆಂದು ಮೆಚ್ಚಿಕೊಂಡರು. ಅದು ತಪ್ಪಲ್ಲ. ಆದರೆ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆಯಿಂದ ನೋಡುವವರಿಗೆ ಅದು ಮೊದಲಿಗೆ ಪರಿಹಾರ ಧನದ ಕಥೆ. ಒಬ್ಬ ಮನುಷ್ಯ ಸತ್ತರೆ ಸರ್ಕಾರ ಯಾವಾಗ ಹಣ ಕೊಡುತ್ತದೆ, ಯಾವಾಗ ಕೊಡುವುದಿಲ್ಲ, ಅದನ್ನು ಯಾರು ತೀರ್ಮಾನಿಸುತ್ತಾರೆ ಎಂಬುದೇ ಆ ಚಿತ್ರದ ಬೆನ್ನೆಲುಬು.

ಕಥೆ ಸರಳ. ಸಾಲ ತೀರಿಸಲಾಗದೆ ನಾಥಾ ಮತ್ತು ಬುಧಿಯಾ ಎಂಬ ಅಣ್ಣತಮ್ಮಂದಿರ ಜಮೀನು ಕೈಬಿಟ್ಟು ಹೋಗುವುದರಲ್ಲಿದೆ. ನೆರವು ಕೇಳಿಕೊಂಡು ಹೋದಾಗ ಊರಿನ ಪುಢಾರಿ ನಗಾಡುತ್ತಾ, ಸತ್ತರೆ ಸರ್ಕಾರ ಒಂದು ಲಕ್ಷ ಕೊಡುತ್ತದಲ್ಲ ಎಂದುಬಿಡುತ್ತಾನೆ. ಆ ಕುಹಕವೇ ಬಡವರ ಮನೆಯಲ್ಲಿ ಯೋಜನೆಯಾಗುತ್ತದೆ. ಇನ್ನೂ ಬದುಕಿರುವ ನಾಥಾನ ಸುತ್ತ ಕ್ಯಾಮೆರಾಗಳು ನೆರೆಯುತ್ತವೆ. ಅಧಿಕಾರಿಗಳು ಅವನಿಗೊಂದು ಕೈಪಂಪು ತಂದುಕೊಟ್ಟು ಹೋಗುತ್ತಾರೆ. ಅದೇ ಊರಿನಲ್ಲಿ ಹೋರಿ ಮಹತೋ ಎಂಬ ಬಡವ ದಿನವೂ ಮಣ್ಣು ಅಗೆದು ಮಾರುತ್ತಾ, ಕೊನೆಗೆ ತಾನು ತೋಡಿದ ಗುಂಡಿಯಲ್ಲೇ ಸತ್ತುಬೀಳುತ್ತಾನೆ. ಪ್ರೇಮಚಂದರ ‘ಗೋದಾನ’ದ ನಾಯಕನ ಹೆಸರೇ ಇವನದ್ದು. ಆದರೆ ಈ ಸಾವು ಸುದ್ದಿಯೂ ಅಲ್ಲ, ಪರಿಹಾರಕ್ಕೆ ಅರ್ಹವೂ ಅಲ್ಲ. ಅದನ್ನು ಬರೆಯಲು ಯಾವ ಕಾಲಂ ಇಲ್ಲ.

ಚಿತ್ರದ ಕೊನೆಯಲ್ಲಿ ಬೆಂಕಿಯಲ್ಲಿ ಸ್ಥಳೀಯ ಪತ್ರಕರ್ತನೊಬ್ಬ ಸಾಯುತ್ತಾನೆ. ಸತ್ತವನು ನಾಥಾ ಎಂದೇ ಎಲ್ಲರೂ ನಂಬುತ್ತಾರೆ. ಆದರೂ ಕುಟುಂಬಕ್ಕೆ ಹಣ ಸಿಗುವುದಿಲ್ಲ. ಕಾರಣ, ಅದು ಆತ್ಮಹತ್ಯೆಯಲ್ಲ, ಅಪಘಾತ. ಪ್ರೇಕ್ಷಕರು ಇಲ್ಲಿ ನಗುತ್ತಾರೆ. ನಗಲು ನಮಗೆ ಸಾಧ್ಯವಾಗಲಿಲ್ಲ. ಏಕೆಂದರೆ ಇದು ಕಲ್ಪನೆಯಲ್ಲ, ನಮ್ಮ ಕಚೇರಿಗಳ ದಿನನಿತ್ಯದ ವ್ಯಾಕರಣ.

ಮೇಲೆ ಹೇಳಿದ ನಾಲ್ಕೂ ತಾಲೂಕುಗಳು, ಅವುಗಳಿಂದ ನಂತರ ಬೇರ್ಪಟ್ಟ ಸರಗೂರು ಮತ್ತು ಸಾಲಿಗ್ರಾಮ ಸಹಿತ, ಹುಣಸೂರು ಉಪವಿಭಾಗಕ್ಕೆ ಸೇರಿದವು. ರೈತ ಆತ್ಮಹತ್ಯೆಯ ಪ್ರಕರಣಗಳು ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ಸಮಿತಿಯ ಮುಂದೆ ಬರುತ್ತವೆ. ಈ ಸೀಮೆಯಲ್ಲಿ ಹೊಗೆಸೊಪ್ಪು ಬೆಳೆಯುವ ರೈತ ಲೈಸೆನ್ಸು, ಬ್ಯಾರನ್, ಸೌದೆ, ಗೊಬ್ಬರ, ಕೂಲಿ ಎಂದು ಹರಾಜಿನ ದಿನದವರೆಗೆ ಸಾಲದಲ್ಲೇ ಉಸಿರಾಡುತ್ತಾನೆ. ಸಾಲದ ಒಂದು ಭಾಗ ಬ್ಯಾಂಕಿನದು, ಉಳಿದದ್ದು ಕೈಸಾಲ. ಹರಾಜಿನಲ್ಲಿ ದರ ಬಿದ್ದರೆ ಬ್ಯಾಂಕು ನೋಟಿಸು ಕಳಿಸುತ್ತದೆ, ಕೈಸಾಲ ಕೊಟ್ಟವನು ನೇರವಾಗಿ ಮನೆಬಾಗಿಲಿಗೇ ಬರುತ್ತಾನೆ.

2015ರಲ್ಲಿ ಕರ್ನಾಟಕದಲ್ಲಿ ಕೃಷಿಕರು ಮತ್ತು ಕೃಷಿ ಕಾರ್ಮಿಕರು ಸೇರಿ 1,569 ಮಂದಿ ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿತು. ಆ ವರ್ಷವೇ ರಾಜ್ಯ ಸರ್ಕಾರ ಪರಿಹಾರವನ್ನು 5 ಲಕ್ಷ ರೂಪಾಯಿಗೆ ಏರಿಸಿತು. ವಿಧವೆಗೆ ತಿಂಗಳಿಗೆ 2 ಸಾವಿರದ ಪಿಂಚಣಿಯನ್ನೂ ಘೋಷಿಸಿತು. ಇದು ಒಳ್ಳೆಯ ಕೆಲಸವೇ. ಆದರೆ ಆ ಹಣ ಕೈಗೆ ಬರಬೇಕಾದರೆ ಮಣ್ಣು ಮಾಡಿ ಬಂದ ಮನೆಯವರು ಒಂದು ಪರೀಕ್ಷೆಗೆ ಕುಳಿತುಕೊಳ್ಳಬೇಕು. ಸತ್ತವನು ರೈತನೇ? ಪಹಣಿ ಯಾರ ಹೆಸರಿನಲ್ಲಿದೆ? ಸಾಲಕ್ಕೆ ದಾಖಲೆ ಇದೆಯೇ? ಸಾವಿಗೆ ಸಾಲವೇ ಕಾರಣವೇ, ಇಲ್ಲಾ ಮನೆಜಗಳವೇ? ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ವಿಧಿವಿಜ್ಞಾನ ಪ್ರಯೋಗಾಲಯದ ವರದಿ, ವಂಶವೃಕ್ಷ ಎಲ್ಲವೂ ಕೂಡಿಬರಬೇಕು.

ಈ ಪ್ರಶ್ನೆಗಳಲ್ಲಿ ಸೋಲುವವರು ಯಾರೆಂದು ಊಹಿಸುವುದು ಕಷ್ಟವಲ್ಲ. ಕರ್ನಾಟಕದ ಭೂಸುಧಾರಣಾ ಕಾನೂನು ಕೃಷಿ ಜಮೀನಿನ ಗೇಣಿಯನ್ನು ಸಾಮಾನ್ಯವಾಗಿ ನಿಷೇಧಿಸಿದೆ. ಆದ್ದರಿಂದ ಇನ್ನೊಬ್ಬರ ಹೊಲವನ್ನು ಗುತ್ತಿಗೆಗೆ ಮಾಡಿದವನ ಬಳಿ ತೋರಿಸಲು ಕಾಗದವೇ ಇರುವುದಿಲ್ಲ. ಜಮೀನು ಗಂಡನ ಅಥವಾ ಮಾವನ ಹೆಸರಿನಲ್ಲಿದ್ದರೆ, ಅದರಲ್ಲಿ ಬೆನ್ನು ಬಗ್ಗಿಸಿ ದುಡಿದ ಹೆಣ್ಣುಮಗಳು ದಾಖಲೆಯಲ್ಲಿ ‘ರೈತ’ಳಾಗುವುದೇ ಕಷ್ಟ. ಎಚ್.ಡಿ. ಕೋಟೆಯ ಹಾಡಿಗಳ ಅನೇಕ ಜೇನುಕುರುಬರಿಗೆ ಪಹಣಿ ಎಂಬುದು ಇಂದಿಗೂ ದೂರದ ಮಾತು. ಕೈಸಾಲಕ್ಕೆ ರಸೀದಿ ಯಾರು ಕೊಡುತ್ತಾರೆ? ಇವರೆಲ್ಲರೂ ನಮ್ಮ ಊರಿನ ಹೋರಿ ಮಹತೋಗಳು.

ಇದೇ ಉಪವಿಭಾಗದಲ್ಲಿ ಬೇರೆ ಸಾವುಗಳಿಗೆ ಬೇರೆ ಅಳತೆ. ಕಾಡುಪ್ರಾಣಿಯ ದಾಳಿಗೆ ಬಲಿಯಾದವರ ಕುಟುಂಬಕ್ಕೆ 7.5 ಲಕ್ಷವಿದ್ದ ಪರಿಹಾರ 15 ಲಕ್ಷಕ್ಕೂ, 2025ರಲ್ಲಿ 20 ಲಕ್ಷಕ್ಕೂ ಏರಿತು. ಆ ವರ್ಷದ ಅಕ್ಟೋಬರ್-ನವೆಂಬರ್‌ನಲ್ಲಿ ಸರಗೂರು ಭಾಗದಲ್ಲಿ ಹುಲಿದಾಳಿಗೆ ರೈತರು ಬಲಿಯಾದಾಗ ಜನ ಬೀದಿಗಿಳಿದರು, ಬಂಡೀಪುರ-ನಾಗರಹೊಳೆಯ ಸಫಾರಿ ನಿಲ್ಲಿಸಬೇಕಾಯಿತು. ಹುಣಸೂರು, ಪಿರಿಯಾಪಟ್ಟಣ ದಾಟಿ ಹೋಗುವ ಹೆದ್ದಾರಿಯಲ್ಲಿ ವಾಹನ ಬಡಿದು ಸತ್ತರೆ ಮೋಟಾರು ಅಪಘಾತ ನ್ಯಾಯಮಂಡಳಿಯಿದೆ. ಅಲ್ಲಿ ಸತ್ತವರ ವಯಸ್ಸು, ಆದಾಯ, ಅವಲಂಬಿತರನ್ನು ನೋಡಿ ಲೆಕ್ಕ ಹಾಕುತ್ತಾರೆ. 2009ರ ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದಕ್ಕೊಂದು ಕೋಷ್ಟಕ ಕೊಟ್ಟಿತು. 2001ರ ಲತಾ ವಾಧ್ವಾ ಪ್ರಕರಣದಲ್ಲಿ ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಿತು. ಕೊರತೆಗಳಿದ್ದರೂ ಅಲ್ಲಿ ಕುಟುಂಬ ಹಕ್ಕುದಾರನಾಗಿ ನಿಲ್ಲುತ್ತದೆ. ಸಾಲದಿಂದ ಸತ್ತವನ ಕುಟುಂಬವಾದರೋ ಸರ್ಕಾರದ ಅನುಗ್ರಹಕ್ಕೆ ಕೈಚಾಚಿದ ಅರ್ಜಿದಾರ. ವ್ಯತ್ಯಾಸ ಮೊತ್ತದಲ್ಲಿ ಮಾತ್ರ ಇಲ್ಲ. ಹುಲಿ ಕೊಂದರೆ ಅರಣ್ಯ ಇಲಾಖೆ ಉತ್ತರಿಸಬೇಕು, ಲಾರಿ ಕೊಂದರೆ ವಿಮಾ ಕಂಪೆನಿ ಉತ್ತರಿಸಬೇಕು. ಮಾರುಕಟ್ಟೆ ಕೊಂದರೆ ಉತ್ತರಿಸಬೇಕಾದವಳು ಸತ್ತವನ ಹೆಂಡತಿ.

ಪರಿಹಾರದ ಮೇಲಿನ ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಲೇಬೇಕು. ಪರಿಹಾರ 5 ಲಕ್ಷಕ್ಕೆ ಏರಿದ ಮೇಲೆ ರೈತರ ಆತ್ಮಹತ್ಯೆಯ ವರದಿಗಳು ಹೆಚ್ಚಿದವೆಂದು 2023ರ ಸೆಪ್ಟೆಂಬರ್‌ನಲ್ಲಿ ಸಚಿವ ಶಿವಾನಂದ ಪಾಟೀಲರು ಹೇಳಿ ವಿವಾದಕ್ಕೊಳಗಾದರು. ‘ಪೀಪ್ಲಿ ಲೈವ್’ ಕೂಡ ಇದನ್ನೇ ಹೇಳುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಇಲ್ಲ. ಚಿತ್ರದಲ್ಲಿ ಆ ಮಾತು ಹುಟ್ಟುವುದು ರೈತನ ಮನಸ್ಸಿನಲ್ಲಲ್ಲ, ಪುಢಾರಿಯ ಬಾಯಲ್ಲಿ. ಹಣದ ಆಸೆಗೆ ಮೊದಲು ಜಮೀನಿನ ಭಯವಿದೆ. ನಮ್ಮ ರಾಜ್ಯದಲ್ಲೂ 2015ರ ಮಳೆಗಾಲದಲ್ಲಿ ಸಾವುಗಳ ಸರಣಿ ನಡೆಯಿತು, ಆನಂತರ ಮೊತ್ತ ಏರಿತು. ಔಷಧಿ ಬಂದದ್ದರಿಂದ ರೋಗ ಬಂತೆಂದು ಹೇಳುವುದು ಯಾವ ನ್ಯಾಯ?

ಹಾಗೆಂದು ಚಿತ್ರದಲ್ಲಿ ಕೊರತೆಯಿಲ್ಲವೆಂದಲ್ಲ. ನಾಥಾ ಮಹಾನಗರದ ಕಟ್ಟಡ ಕಾಮಗಾರಿಯಲ್ಲಿ ಕೂಲಿಯಾಗಿ ಮುಖ ತೋರಿಸುವಲ್ಲಿ ಕಥೆ ಮುಗಿಯುತ್ತದೆ. ಒಳ್ಳೆಯ ಮುಕ್ತಾಯ. ಆದರೆ ಊರಿನಲ್ಲಿ ಉಳಿದ ಹೆಂಡತಿ ಧನಿಯಾ? ಗಂಡ ಸತ್ತನೆಂದು ತಿಳಿದ, ಹಣವೂ ಬಾರದ, ಜಮೀನೂ ಉಳಿಯದ ಹೆಣ್ಣು ಮರುದಿನ ಯಾವ ಕಚೇರಿಗೆ ಹೋದಳು, ಯಾರ ಮುಂದೆ ನಿಂತಳು? ಕ್ಯಾಮೆರಾ ಅವಳ ಜೊತೆ ಹೋಗಲಿಲ್ಲ. ಮಾಧ್ಯಮದವರು ನಾಥಾನನ್ನಷ್ಟೇ ನೋಡಿದರೆಂದು ಅಣಕಿಸಿದ ಚಿತ್ರ ತಾನೂ ಕೊನೆಗೆ ನಾಥಾನನ್ನೇ ಹಿಂಬಾಲಿಸಿತು. ನಮ್ಮ ಸೀಮೆಯ ಕಥೆ ಶುರುವಾಗುವುದು ಆ ಚಿತ್ರ ನಿಂತಲ್ಲಿಂದ.

ಇಸ್ಲಾಮೀ ಪರಂಪರೆಯಲ್ಲಿ ಈ ವಿಷಯಕ್ಕೆ ಬೆಳಕು ಚೆಲ್ಲುವ ಎರಡು ಸಂಗತಿಗಳಿವೆ. ಒಂದು ದಿಯತ್. ಪ್ರಮಾದದಿಂದ ಒಬ್ಬರ ಜೀವ ಹೋದರೂ ಮೃತನ ಮನೆಯವರಿಗೆ ಪರಿಹಾರ ಸಲ್ಲಬೇಕೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯ ವಿಧಿಸುತ್ತದೆ. ಅದನ್ನು ಬಿಟ್ಟುಕೊಡುವ ಅಧಿಕಾರ ಆ ಮನೆಯವರಿಗೆ ಮಾತ್ರ. ಅಂದರೆ ಅಲ್ಲಿ ನೊಂದವರು ಬೇಡುವವರಲ್ಲ, ತೀರ್ಮಾನಿಸುವವರು. ಇನ್ನೊಂದು, ಪ್ರವಾದಿ(ಸ)ಯವರ ಜೀವನದ ಸಂಗತಿ. ಜನಾಝ ತಂದಾಗ ಅವರೂ ಕೇಳುತ್ತಿದ್ದರು, ಇವರ ಮೇಲೆ ಸಾಲವಿತ್ತೇ ಎಂದು. ಸಾಲ ತೀರಿಸಲು ಏನನ್ನೂ ಬಿಟ್ಟುಹೋಗದವರ ನಮಾಝನ್ನು ಸಂಗಾತಿಗಳಿಗೇ ಒಪ್ಪಿಸುತ್ತಿದ್ದರು. ಆದರೆ ಆಡಳಿತದ ಕೈಗೆ ಸಂಪತ್ತು ಬಂದಾಗ, ಸಾಲ ಬಿಟ್ಟು ಸತ್ತವರ ಸಾಲ ತನ್ನ ಹೊಣೆ, ಸೊತ್ತು ಬಿಟ್ಟು ಸತ್ತರೆ ಅದು ವಾರಸುದಾರರಿಗೆ ಎಂದು ಸಾರಿದರು. ಪ್ರಶ್ನೆ ಅದೇ. ಸಮಿತಿ ಕೇಳುವುದು ಅರ್ಜಿಯನ್ನು ತೂಗಲು, ಅವರು ಕೇಳಿದ್ದು ಸಾಲವನ್ನು ಹೊರಲು.

ನಮ್ಮ ಸಮುದಾಯದ ಒಳಗಿನ ಒಂದು ಮಾತನ್ನೂ ಹೇಳದೆ ಈ ವಿಮರ್ಶೆ ಪ್ರಾಮಾಣಿಕವಾಗದು. ಆತ್ಮಹತ್ಯೆ ಇಸ್ಲಾಮಿನಲ್ಲಿ ನಿಷಿದ್ಧ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಕಾರಣಕ್ಕೆ ಜನ ಏನೆಂದಾರೋ ಎಂದು ಹೆದರಿ ಮನೆಯವರು ಸಾವನ್ನು ಎದೆನೋವು, ಕಾಲು ಜಾರಿದ್ದು ಎಂದು ಮುಚ್ಚಿಡುವುದುಂಟು. ಹೀಗೆ ಮುಚ್ಚಿಟ್ಟರೆ ವಿಧವೆ ಸಾಂತ್ವನವನ್ನೂ ಕಳೆದುಕೊಳ್ಳುತ್ತಾಳೆ, ಹಕ್ಕನ್ನೂ ಕಳೆದುಕೊಳ್ಳುತ್ತಾಳೆ. ಅಂತಹವರಿಗೂ ಜನಾಝ ನಮಾಝ್ ಉಂಟೆಂಬುದು ಬಹುಪಾಲು ಧರ್ಮಶಾಸ್ತ್ರಜ್ಞರ ನಿಲುವು. ಸತ್ತವನ ಲೆಕ್ಕ ಅಲ್ಲಾಹನ ಬಳಿಯಿದೆ. ಬದುಕಿರುವ ಹೆಂಡತಿ ಮಕ್ಕಳ ಲೆಕ್ಕ ನಮ್ಮ ಬಳಿಯಿದೆ. ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ಸಾಲಗಾರರೂ ಒಂದು. ಮನುಷ್ಯ ಬದುಕಿರುವಾಗಲೇ ಮಸೀದಿ ಸಮಿತಿಗಳು ಅದನ್ನು ನೆನಪಿಸಿಕೊಳ್ಳಬೇಕಾಗಿದೆ.

ಸರ್ಕಾರ ಮಾಡಬೇಕಾದದ್ದೂ ಸ್ಪಷ್ಟ. ಸಾವು ನಡೆದ ಕೂಡಲೇ ಪರಿಹಾರದ ಒಂದು ಪಾಲು ಷರತ್ತಿಲ್ಲದೆ ಮನೆ ಸೇರಲಿ. ಹೊಲದಲ್ಲಿ ದುಡಿದವರು ಯಾರೆಂದು ಪಹಣಿಯ ಜೊತೆಗೆ ಗ್ರಾಮಸಭೆಯೂ ಹೇಳಲಿ. ಗುತ್ತಿಗೆದಾರನೂ ಹೆಣ್ಣೂ ರೈತರೆಂದು ಒಪ್ಪಲಿ. ಅರ್ಜಿ ತಿರಸ್ಕರಿಸುವುದಾದರೆ ಕಾರಣವನ್ನು ಬರೆದುಕೊಟ್ಟು, ಮೇಲ್ಮನವಿಯ ದಾರಿಯನ್ನೂ ತೋರಿಸಲಿ. ಇವಾವುದೂ ಔದಾರ್ಯವಲ್ಲ. ಸಾಲದಲ್ಲಿ ಬೆಳೆದ ಸೊಪ್ಪು ಹರಾಜಾದಾಗ ಸರ್ಕಾರದ ಖಜಾನೆಗೂ ತೆರಿಗೆ ಸೇರಿದೆ. ಲಾಭದಲ್ಲಿ ಪಾಲುಪಡೆದವರು ಸಾವಿನಲ್ಲೂ ಪಾಲುದಾರರೇ.